ಗಡಿಯಾಚೆ ಪರಿಶಿಷ್ಟರು, ಈಚೆ ಹಿಂದುಳಿದವರು: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಮೀಸಲಾತಿ ಪ್ರಶ್ನೆ

ಆಂಧ್ರಪ್ರದೇಶದ ಕಲ್ಯಾಣದುರ್ಗದಿಂದ ನೈಋತ್ಯಕ್ಕೆ ಹೊರಟರೆ ಕರ್ನಾಟಕದ ಚಳ್ಳಕೆರೆ, ದಕ್ಷಿಣಕ್ಕೆ ಪಾವಗಡ. ಹಿಂದೂಪುರದ ದಕ್ಷಿಣಕ್ಕೆ ಗೌರಿಬಿದನೂರು. ಗಡಿಯ ಎರಡೂ ಕಡೆ ಅದೇ ಮಳೆಗಾಣದ ನೆಲ, ಅದೇ ಶೇಂಗಾ ಹೊಲ. ಎರಡೂ ಕಡೆ ಕನ್ನಡ, ತೆಲುಗು ಬೆರೆತ ಮಾತು. ಹೆಣ್ಣು ಕೊಟ್ಟು ತರುವ ನಂಟಸ್ತಿಕೆಗೆ ಗಡಿ ಅಡ್ಡಬಂದದ್ದಿಲ್ಲ. ಆದರೆ ಜಾತಿ ಪ್ರಮಾಣಪತ್ರ ಬರೆಯುವ ಹೊತ್ತಿಗೆ ಒಂದೇ ಕುಲದ ಜನ ಬೇರೆ ಬೇರೆಯಾಗುತ್ತಾರೆ. ಹುಟ್ಟಿನಿಂದ ಬಂದ ಅಸಮಾನತೆಗೆ ಕಾರಣವೇನು, ಅದಕ್ಕೆ ನ್ಯಾಯವಾದ ಪರಿಹಾರ ಯಾವುದು ಎಂಬ ಚರ್ಚೆಗೆ ಇಷ್ಟು ಸ್ಪಷ್ಟವಾದ ನಿದರ್ಶನ ದೇಶದಲ್ಲಿ ಬೇರೆ ಕಡೆ ಸಿಗುವುದು ಕಷ್ಟ.

ಒಂದೇ ಕುಲ, ಎರಡು ಪಟ್ಟಿ

ಅನಂತಪುರ ಸೀಮೆಯ ದೊಡ್ಡ ಸಮುದಾಯಗಳಲ್ಲಿ ಬೋಯರದೂ ಒಂದು. ಇವರೇ ಕರ್ನಾಟಕದಲ್ಲಿ ಬೇಡರು, ನಾಯಕರು, ವಾಲ್ಮೀಕಿಗಳು. ಕರ್ನಾಟಕದಲ್ಲಿ ಇವರು ಪರಿಶಿಷ್ಟ ಪಂಗಡ, ಆಂಧ್ರದಲ್ಲಿ ಹಿಂದುಳಿದ ವರ್ಗಗಳ ‘ಎ’ ಗುಂಪು. ಆ ಗುಂಪಿಗೆ ಮೀಸಲಾದ ಶೇ 7ರಲ್ಲಿ ಇನ್ನೂ ಹತ್ತಾರು ಜಾತಿಗಳಿಗೆ ಪಾಲಿದೆ. ಕಲ್ಲು ಒಡೆಯುವ, ಬಾವಿ ತೋಡುವ ವಡ್ಡರು ಕರ್ನಾಟಕದಲ್ಲಿ ಭೋವಿ ಎಂಬ ಹೆಸರಿನಲ್ಲಿ ಪರಿಶಿಷ್ಟ ಜಾತಿ. ಆಂಧ್ರದಲ್ಲಿ ಅವರೂ ‘ಎ’ ಗುಂಪಿನವರು. ತಾಂಡಾಗಳ ಲಂಬಾಣಿಗಳ ಕಥೆ ಮತ್ತೂ ವಿಚಿತ್ರ. ಆಂಧ್ರದಲ್ಲಿ ಸುಗಾಲಿಗಳಾಗಿ ಅವರು ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ.

ಈ ಭೇದ ಕಾಗದದಲ್ಲಷ್ಟೇ ಉಳಿಯುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು, ಬಳ್ಳಾರಿ ಲೋಕಸಭಾ ಕ್ಷೇತ್ರವೂ ಹಾಗೆಯೇ. ಹಿಂದುಳಿದ ವರ್ಗಕ್ಕೆ ಶಾಸನಸಭೆಯಲ್ಲಿ ಮೀಸಲು ಸ್ಥಾನವಿಲ್ಲವಾದ್ದರಿಂದ ಕಲ್ಯಾಣದುರ್ಗದ ಬೋಯರಿಗೆ ಆ ದಾರಿ ಮುಚ್ಚಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ ರಕ್ಷಣೆಯೂ ಅವರಿಗಿಲ್ಲ. ಕೇಂದ್ರದ ನೌಕರಿಗೆ ಅರ್ಜಿ ಹಾಕಿದರೆ ಸ್ಥಿತಿವಂತರನ್ನು ಹೊರಗಿಡುವ ಕೆನೆಪದರದ ಲೆಕ್ಕ ಅವರಿಗೆ ಅನ್ವಯಿಸುತ್ತದೆ, ಚಳ್ಳಕೆರೆಯ ನಂಟರಿಗೆ ಅನ್ವಯಿಸುವುದಿಲ್ಲ.

ಪಟ್ಟಿಗಳು ಬೇರೆಯಾದದ್ದು ಹೇಗೆ

ಹಿಂದೂಪುರ, ಕಲ್ಯಾಣದುರ್ಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಪಾವಗಡ, ಗೌರಿಬಿದನೂರು, ಚಳ್ಳಕೆರೆ ಮೈಸೂರು ಸಂಸ್ಥಾನದಲ್ಲಿದ್ದವು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗಬೇಕೆಂಬ ಕೂಗು ಎರಡೂ ಕಡೆ ಒಂದೇ ಕಾಲಕ್ಕೆ ಎದ್ದಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು, 1921ರಲ್ಲಿ ಅದರ ಶಿಫಾರಸುಗಳ ಮೇಲೆ ಆದೇಶ ಹೊರಟಿತು. ಮದ್ರಾಸಿನಲ್ಲಿ ಜಸ್ಟಿಸ್ ಪಕ್ಷದ ಸರ್ಕಾರ ಅದೇ 1921ರಲ್ಲಿ ತನ್ನ ಕೋಮುವಾರು ಆದೇಶ ಹೊರಡಿಸಿತು. ಎರಡು ಆಡಳಿತಗಳು, ಎರಡು ಬಗೆಯ ವರ್ಗೀಕರಣ.

ಸಂವಿಧಾನದ 341 ಮತ್ತು 342ನೇ ವಿಧಿಗಳು ಪರಿಶಿಷ್ಟರ ಪಟ್ಟಿಯನ್ನು ರಾಜ್ಯವಾರು ಮಾಡಲು ಹೇಳಿದವು. 1950ರ ಆದೇಶದಲ್ಲಿ ಮೈಸೂರಿನ ಪರಿಶಿಷ್ಟ ಜಾತಿಗಳು ಕೇವಲ ಆರು: ಆದಿಕರ್ನಾಟಕ, ಆದಿದ್ರಾವಿಡ, ಬಂಜಾರ ಅಥವಾ ಲಂಬಾಣಿ, ಭೋವಿ, ಕೊರಚ, ಕೊರಮ. ಮದ್ರಾಸಿನ ಪಟ್ಟಿಯ ದಾರಿಯೇ ಬೇರೆ. ಕರ್ನಾಟಕ ಏಕೀಕರಣವಾದ ಮೇಲೂ ಹಳೆಯ ಪ್ರದೇಶವಾರು ಪಟ್ಟಿಗಳೇ ಮುಂದುವರಿದವು. 1976ರ ತಿದ್ದುಪಡಿ ಕಾಯ್ದೆ ರಾಜ್ಯದೊಳಗಿನ ಪ್ರದೇಶ ನಿರ್ಬಂಧಗಳನ್ನು ಬಹುಪಾಲು ತೆಗೆಯಿತು. ನಾಯಕ ಎಂಬ ನಮೂದಿಗೆ ಬೇಡ, ವಾಲ್ಮೀಕಿ ಮುಂತಾದ ಪರ್ಯಾಯ ಹೆಸರುಗಳು ಸೇರಿದ್ದು 1991ರಲ್ಲಿ. ಆಂಧ್ರದ ಪಂಗಡ ಪಟ್ಟಿಯಲ್ಲೂ ವಾಲ್ಮೀಕಿ ಎಂಬ ಹೆಸರಿದೆ. ಆದರೆ ಅದು ವಿಶಾಖಪಟ್ಟಣ, ಶ್ರೀಕಾಕುಳಂ, ಗೋದಾವರಿ ಕಡೆಯ ಗುಡ್ಡಗಾಡು ಪರಿಶಿಷ್ಟ ಪ್ರದೇಶಗಳಿಗೆ ಮಾತ್ರ ಸೀಮಿತ. ರಾಯಲಸೀಮೆಯ ಬೋಯರಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಅಂದರೆ ಯಾರು ಎಷ್ಟು ತುಳಿತಕ್ಕೊಳಗಾದರು ಎಂದು ಅಳೆದು ಈ ಗೆರೆ ಎಳೆದದ್ದಲ್ಲ. ಯಾರ ಅಜ್ಜ ಯಾವ ಸರ್ಕಾರಕ್ಕೆ ಕಂದಾಯ ಕಟ್ಟಿದ ಎಂಬುದೇ ಇಲ್ಲಿ ನಿರ್ಣಾಯಕವಾಯಿತು. ಈ ಪ್ರಶ್ನೆಯ ಅತಿ ದೊಡ್ಡ ಅನ್ಯಾಯ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಬಡತನದ ಬೇರು

ಬೇಡರು ಒಂದು ಕಾಲಕ್ಕೆ ಆಳಿದವರು, ಚಿತ್ರದುರ್ಗದ ನಾಯಕರು ಅವರೇ, ಹೈದರನ ಸೈನ್ಯದಲ್ಲಿ ಹೆಸರು ಮಾಡಿದವರು. ಅಂಥವರು ಹಿಂದುಳಿದದ್ದು ಹೇಗೆ ಎಂದು ಕೇಳುವವರಿದ್ದಾರೆ. ಉತ್ತರ ಆ ಇತಿಹಾಸದಲ್ಲೇ ಇದೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಪಾಳೇಗಾರರನ್ನು ಅಡಗಿಸಿದ, ಅವರ ಪಡೆಗಳು ಚದುರಿದವು. ಕತ್ತಿ ಹಿಡಿದು ಬದುಕಿದವರಿಗೆ ಕತ್ತಿಯೂ ಹೋಯಿತು, ಚಾಕರಿಯ ಆಸರೆಯೂ ಹೋಯಿತು. 1876–78ರ ಧಾತು ಬರ ಈ ಸೀಮೆಯನ್ನು ಹಿಂಡಿತು. ಕೊರಚ, ಕೊರಮರಂಥ ಅಲೆಮಾರಿಗಳ ಪಾಡು ಇನ್ನೂ ಘೋರ: 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದ್ರಾಸಿಗೂ ವಿಸ್ತರಿಸಿದಾಗ ಹುಟ್ಟುವ ಮಗುವಿಗೂ ಕಳ್ಳನೆಂಬ ಹಣೆಪಟ್ಟಿ ಅಂಟಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ.

ಇನ್ನೊಂದು ವಾದವಿದೆ: ಅನಂತಪುರದ ಬಡತನ ಜಾತಿಯದಲ್ಲ, ಮಳೆಯದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಎಲ್ಲ ಜಾತಿಯ ರೈತರೂ ಸೋಲುತ್ತಾರೆ, ಎಲ್ಲರೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಇದರಲ್ಲಿ ಸತ್ಯವಿದೆ. ಆದರೆ ಬರ ಬಂದಾಗ ಕೊಳವೆಬಾವಿ ಕೊರೆಸುವ ಶಕ್ತಿ, ಸಾಲ ಹುಟ್ಟುವ ದಾರಿ, ಪಟ್ಟಣದಲ್ಲಿ ಕೈಹಿಡಿಯುವ ನಂಟ ಎಲ್ಲರಿಗೂ ಸಮನಾಗಿ ಇರುವುದಿಲ್ಲ. ಮಾದಿಗರ ಕೇರಿಗೆ ಬಂದ ಬರ ಮತ್ತು ಭೂಮಾಲೀಕರ ಓಣಿಗೆ ಬಂದ ಬರ ಒಂದೇ ಅಲ್ಲ.

ಪಂಗಡವೆಂದು ಗುರುತಿಸಲು ಸರ್ಕಾರ ಬಳಸುವ ಅಳತೆ 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಕೊನೆಯದೊಂದನ್ನು ಬಿಟ್ಟರೆ ಉಳಿದವು ಯಾರ ಬಾಳು ಹೇಗೆ ಕುಸಿಯಿತು ಎಂಬುದನ್ನು ಹೇಳುವುದೇ ಇಲ್ಲ.

ಜನಾಂಗವೋ ಜಾತಿಯೋ

ಜಾತಿಯನ್ನು ಜನಾಂಗಭೇದವೆಂದು ನೋಡಬಹುದೇ ಎಂಬ ಪ್ರಶ್ನೆ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮ್ಮೇಳನದಲ್ಲಿ ಬಂತು. ಭಾರತ ಸರ್ಕಾರ ಒಪ್ಪಲಿಲ್ಲ. ಜಾತಿ ಜನಾಂಗವಲ್ಲ ಎಂದು ಅಂಬೇಡ್ಕರ್ ಅವರೂ ಸ್ಪಷ್ಟವಾಗಿ ಹೇಳಿದ್ದರು, ಆದರೆ ಅದರ ಕ್ರೌರ್ಯವನ್ನು ಕಡಿಮೆ ಮಾಡಿ ತೋರಿಸಲಿಕ್ಕಲ್ಲ. ಪರಿಹಾರದ ವಿಷಯದಲ್ಲಿ ಅಮೆರಿಕ ಮತ್ತು ಭಾರತ ಬೇರೆ ಬೇರೆ ದಾರಿ ಹಿಡಿದಿವೆ. ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಹಾರ್ವರ್ಡ್ ಪ್ರಕರಣದಲ್ಲಿ ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ತೆರೆ ಎಳೆಯಿತು. ನಮ್ಮ ಸುಪ್ರೀಂ ಕೋರ್ಟ್ ಮರುವರ್ಷ ಮೀಸಲಾತಿಯನ್ನು ಇನ್ನಷ್ಟು ಸೂಕ್ಷ್ಮವಾಗಿ ಹಂಚಬಹುದು ಎಂದಿತು.

ಪಾಲು ಹಂಚುವ ನ್ಯಾಯ

ಆ ತೀರ್ಪು 2024ರ ಆಗಸ್ಟ್ 1ರದು, ದವಿಂದರ್ ಸಿಂಗ್ ಪ್ರಕರಣ. ಪರಿಶಿಷ್ಟ ಜಾತಿಗಳೊಳಗೆ ಒಳಮೀಸಲಾತಿ ಕೊಡಬಹುದೆಂದು ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಹೇಳಿದರು. ಮಾದಿಗ ದಂಡೋರಾ ಚಳವಳಿ 1994ರಿಂದ ಕೇಳುತ್ತಾ ಬಂದದ್ದು ಇದನ್ನೇ. 2025ರಲ್ಲಿ ಆಂಧ್ರ ತನ್ನ ಶೇ 15ನ್ನು ರೆಲ್ಲಿ ಗುಂಪಿಗೆ 1, ಮಾದಿಗ ಗುಂಪಿಗೆ 6.5, ಮಾಲ ಗುಂಪಿಗೆ 7.5 ಎಂದು ಹಂಚಿತು. ಕರ್ನಾಟಕದ ಸಂಪುಟ ಅದೇ ವರ್ಷ ಶೇ 17ನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚಲು ತೀರ್ಮಾನಿಸಿತು. ಭೋವಿ, ಲಂಬಾಣಿ, ಕೊರಚ, ಕೊರಮರ ಜೊತೆ ಒಂದೇ ಗುಂಪಿಗೆ ಸೇರಿಸಲ್ಪಟ್ಟ ಅಲೆಮಾರಿ ಸಮುದಾಯಗಳು ಬೀದಿಗಿಳಿದು ತಮಗೆ ಪ್ರತ್ಯೇಕ ಶೇ 1 ಕೇಳಿದವು. ಅವರ ಬೇಡಿಕೆ ನ್ಯಾಯವಾದುದು. ಬಲವಿದ್ದವರ ಜೊತೆ ಒಂದೇ ಸಾಲಿನಲ್ಲಿ ನಿಂತರೆ ಅವರ ಸರದಿ ಬರುವುದೇ ಇಲ್ಲ.

ಇದೇ ಅಂಜಿಕೆ ಬೋಯರ ಬೇಡಿಕೆಗೂ ಎದುರಾಗಿದೆ. ಆಂಧ್ರ ವಿಧಾನಸಭೆ 2017ರಲ್ಲಿ ಒಮ್ಮೆ, 2023ರ ಮಾರ್ಚ್‌ನಲ್ಲಿ ಇನ್ನೊಮ್ಮೆ ಅವರನ್ನು ಪಂಗಡದ ಪಟ್ಟಿಗೆ ಸೇರಿಸಬೇಕೆಂದು ನಿರ್ಣಯ ಮಾಡಿತು. ಗುಡ್ಡಗಾಡು ಜಿಲ್ಲೆಗಳ ಆದಿವಾಸಿ ಸಂಘಟನೆಗಳು ಉಗ್ರವಾಗಿ ವಿರೋಧಿಸಿದವು: ಇರುವುದು ಶೇ 6, ಇಷ್ಟು ದೊಡ್ಡ ಸಮುದಾಯ ಒಳಬಂದರೆ ನಮಗೇನು ಉಳಿಯುತ್ತದೆ? ಗುಡ್ಡಗಾಡಿನ ಸವರರದೋ ಕೊಂಡರೆಡ್ಡಿಗಳದೋ ತಟ್ಟೆಯಿಂದ ತೆಗೆದು ಬೋಯರಿಗೆ ಬಡಿಸುವುದು ನ್ಯಾಯವಲ್ಲ, ಬೋಯರನ್ನು ಹಸಿದೇ ಇಡುವುದೂ ನ್ಯಾಯವಲ್ಲ. ಕರ್ನಾಟಕ 2022ರಲ್ಲಿ ಪಂಗಡಗಳ ಪಾಲನ್ನು ಶೇ 3ರಿಂದ 7ಕ್ಕೆ ಏರಿಸಿತು. ಪರಿಶಿಷ್ಟ ಜಾತಿಗಳ ಪಾಲೂ ಆಗಲೇ ಹೆಚ್ಚಿದ್ದರಿಂದ ಒಟ್ಟು ಮೀಸಲಾತಿ ಶೇ 56ಕ್ಕೆ ಮುಟ್ಟಿ, 1992ರ ಇಂದ್ರಾ ಸಾಹ್ನಿ ತೀರ್ಪಿನ ಶೇ 50ರ ಮಿತಿಯನ್ನು ದಾಟಿತು.

ಪ್ರಮಾಣಪತ್ರ ಗಡಿ ದಾಟದು

ಪರಿಶಿಷ್ಟ ಸ್ಥಾನಮಾನ ವಲಸೆ ಹೋದವರ ಜೊತೆ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಆಂಧ್ರದಲ್ಲಿ ಪಂಗಡದವನಾಗಿದ್ದ ಅರ್ಜಿದಾರ ವಿದ್ಯಾರ್ಥಿಗೆ ಮುಂಬಯಿಯ ವೈದ್ಯಕೀಯ ಕಾಲೇಜಿನಲ್ಲಿ ಮೀಸಲು ಸೀಟು ದಕ್ಕಲಿಲ್ಲ. 2018ರ ಬೀರ್ ಸಿಂಗ್ ತೀರ್ಪು ಅದೇ ನಿಲುವನ್ನು ಎತ್ತಿಹಿಡಿಯಿತು. ಅದರಂತೆ ಪಾವಗಡದ ನಾಯಕರ ಹುಡುಗಿ ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಬಂದರೆ ತವರಿನ ಪ್ರಮಾಣಪತ್ರ ತೋರಿಸಿ ಆಂಧ್ರ ಸರ್ಕಾರದ ನೌಕರಿಯಲ್ಲಿ ಪಂಗಡದ ಮೀಸಲು ಕೇಳಲಾಗದು. ಅವಳ ಮಕ್ಕಳು ತಂದೆಯಂತೆ ‘ಎ’ ಗುಂಪಿನವರು. ಪಟ್ಟಿ ಬದಲಾಗಬೇಕಾದರೆ ರಾಜ್ಯದ ನಿರ್ಣಯ ಸಾಲದು. ರಿಜಿಸ್ಟ್ರಾರ್ ಜನರಲ್ ಮತ್ತು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ ಒಪ್ಪಿ, 342(2)ನೇ ವಿಧಿಯಂತೆ ಸಂಸತ್ತು ಕಾನೂನು ಮಾಡಬೇಕು. ಬೋಯರ ಸೇರ್ಪಡೆಯ ಕಡತದ ಜೊತೆಗೆ, ಶೇ 6ರ ಪಾಲನ್ನು ಎಷ್ಟಕ್ಕೆ ಏರಿಸುತ್ತೇವೆ, ಗುಡ್ಡಗಾಡಿನವರ ಭಾಗವನ್ನು ಹೇಗೆ ಪ್ರತ್ಯೇಕವಾಗಿ ಕಾಯುತ್ತೇವೆ ಎಂಬ ಲೆಕ್ಕವನ್ನೂ ಆಂಧ್ರ ಸರ್ಕಾರ ಬರೆದು ಕಳಿಸಬೇಕು.