ಯಾರು ನೆಟ್ಟ ಮರ?

ಕೆಲವು ವರ್ಷಗಳ ಹಿಂದೆ ವಿರಾಜಪೇಟೆಯ ಕಡೆ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅವರ ತಂದೆಯವರೊಡನೆ ಕಾಫಿ ತೋಟ ಸುತ್ತುತ್ತಿದ್ದಾಗ ಆಳವಾದ ಕೊರಕಲೊಂದು ಅಡ್ಡ ಬಂತು. ಎರಡು ದಡಗಳಲ್ಲೂ ಹೆಮ್ಮರಗಳು. ಒಳಗೆ ಜರಿಗಿಡ, ಪಾಚಿ. “ಮಳೆಗಾಲದಲ್ಲಿ ಈ ಹಳ್ಳ ಜೋರಾಗಿಯೇ ಹರಿಯಬೇಕು” ಎಂದೆ. ಹಿರಿಯರು ನಕ್ಕರು. “ಹಳ್ಳವಲ್ಲ ಸ್ವಾಮಿ, ಇದು ಕಡಂಗ. ಮನುಷ್ಯರು ತೋಡಿದ್ದು.”

ಪಟ್ಟಣಿಗರ ಪ್ರಕೃತಿಜ್ಞಾನ ಇಷ್ಟೇ! ಕಡಂಗಗಳು ಹಿಂದಿನವರು ರಕ್ಷಣೆಗಾಗಿ ತೋಡಿದ ಕಂದಕಗಳು. ಬೆಟ್ಟ ಹತ್ತಿ, ಕಾಡಿಗಿಳಿದು, ಮೈಲಿಗಟ್ಟಲೆ ಸಾಗುತ್ತವೆ. ೯-೧೦ನೆಯ ಶತಮಾನದ ಶಾಸನಗಳಲ್ಲೇ ಗಡಿಗುರುತಾಗಿ ಇವುಗಳ ಮಾತು ಬಂದಿದೆ. ಸಾವಿರ ವರ್ಷದ ಮಳೆ ಬಿದ್ದ ಮೇಲೆ ಗುದ್ದಲಿಯ ಗುರುತು ಎಲ್ಲಿ ಉಳಿದೀತು?

ಅಂದಿನಿಂದ ಕೊಡಗಿನ ಹಸಿರನ್ನು ಕಂಡಾಗಲೆಲ್ಲ ನನಗೊಂದು ಅನುಮಾನ. ಕಾಡೆಂದು ಕಾಣುವ ಬಾಣೆ, ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಒದಗಲೆಂದು ಗದ್ದೆಯ ಜೊತೆಗೇ ಬಿಟ್ಟುಕೊಟ್ಟ ಜಮೀನು. ದೇವರಕಾಡಿನಲ್ಲಿ ಕತ್ತಿ ಆಡಬಾರದು. ಆದರೆ ಅದು ಉಳಿದದ್ದು ಊರಿನವರ ಕಟ್ಟುಪಾಡಿನಿಂದ. ಕಟ್ಟುಪಾಡು ಸಡಿಲವಾದದ್ದೇ ತಡ, ೧೯೦೫ರಲ್ಲಿ ೧೫,೫೦೦ ಎಕರೆಯಷ್ಟಿದ್ದ ದೇವರಕಾಡುಗಳು ೧೯೮೫ರ ಹೊತ್ತಿಗೆ ೬,೩೦೦ ಎಕರೆಗೆ ಇಳಿದಿದ್ದವು. ದೇವರು ದೂರು ಕೊಡಲಿಲ್ಲ.

ಕಾಫಿಯ ಕಥೆಯೂ ಸ್ವಾರಸ್ಯವಾದದ್ದೇ. ೧೮೫೪ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ತೋಟ ಹಾಕಿದ. ಅವನ ಬೆನ್ನಿಗೆ ಬಂದ ಬಿಳಿಯರು ಗುಡ್ಡಗಳನ್ನು ಬೋಳಿಸಿ ಬಿಸಿಲಿನಲ್ಲಿ ಕಾಫಿ ಬೆಳೆದರು. ೧೮೬೦ರ ದಶಕದಲ್ಲಿ ಬೋರರ್ ಹುಳು ಆ ತೋಟಗಳನ್ನು ಕೊರೆದು ಹಾಕಿದಾಗ, ನೆರಳು ಬೇಕೆಂಬ ಬುದ್ಧಿ ಬಂತು. ನಾವು ಬಸ್ಸಿನ ಕಿಟಕಿಯಿಂದ ನೋಡಿ ‘ಎಂಥ ಕಾಡು!’ ಎನ್ನುವುದು ಬಹುಮಟ್ಟಿಗೆ ಆ ನೆರಳನ್ನೇ.

ಕಣ್ಣಿಗೆ ಹೀಗೆ ಬೇರ್ಪಡದ್ದನ್ನು ಸರ್ಕಾರದ ಕಡತ ಬೇರ್ಪಡಿಸಿದೆ. ಬಾಣೆಯ ಮರಗಳ ಬೆಲೆಯನ್ನು ಒಮ್ಮೆ ಸರ್ಕಾರಕ್ಕೆ ಕಟ್ಟಿದವರ ಜಮೀನು ‘ರಿಡೀಮ್ಡ್’, ಕಟ್ಟದವರದು ‘ಅನ್‌ರಿಡೀಮ್ಡ್’. ಈ ಎರಡನೆಯದರಲ್ಲಿ ತಾನಾಗಿ ಬೆಳೆದ ನಂದಿ, ಮತ್ತಿ, ಬೀಟೆ ಸರ್ಕಾರದ ಸೊತ್ತು. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮಾತ್ರ ನೆಟ್ಟವನದು. ೧೯೭೬ರ ಮರ ಸಂರಕ್ಷಣಾ ಕಾಯಿದೆಯಲ್ಲೂ ಅದನ್ನು ಕಡಿಯಲು ಅಪ್ಪಣೆ ಬೇಕಿಲ್ಲ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಷ್ಟಕಾಲಕ್ಕೆ ಕಾಸಾಗುತ್ತದೆ. ಬೆಳೆಗಾರ ಯಾವುದನ್ನು ಬೆಳೆಸಿಯಾನು? ಕಾಡುಮರವನ್ನು ಕಾಯಬೇಕೆಂದು ಹಾಕಿದ ಬೇಲಿಯೇ ಅದರ ಮೊಳಕೆಯನ್ನು ಮೇಯ್ದಿದೆ. ಹಿರಿಯರ ತೋಟದಲ್ಲೂ ಹಳೆಯ ಮರಗಳ ನಡುವೆ ಸಿಲ್ವರ್ ಓಕಿನ ಸಾಲುಗಳು ಸಿಪಾಯಿಗಳಂತೆ ನಿಂತಿದ್ದವು.

ಹಿಂದಿರುಗುವಾಗ ಕಾಫಿ ಗಿಡಗಳ ಸಂದಿಯಲ್ಲಿ ಮೊಣಕಾಲೆತ್ತರದ ನಂದಿ ಸಸಿಯೊಂದು ಕಂಡಿತು. ಯಾರೂ ನೆಟ್ಟದ್ದಲ್ಲ.

“ಇದನ್ನು ಉಳಿಸುತ್ತೀರಾ?” ಎಂದು ಕೇಳಿದೆ.

“ಬರುವ ವಾರ ಕಳೆ ತೆಗೆಯಲು ಆಳುಗಳು ಬರುತ್ತಾರೆ” ಎಂದರು. ಸ್ವಲ್ಪ ತಡೆದು, “ದೊಡ್ಡದಾದರೆ ಸರ್ಕಾರದ ಮರ. ಈಗಿನ್ನೂ ಕಳೆ” ಎಂದರು.

ಹಾಗೆಂದವರು ಅದನ್ನು ತುಳಿಯದಂತೆ ಪಕ್ಕಕ್ಕೆ ಕಾಲಿಟ್ಟು ಮುಂದೆ ನಡೆದರು.