ಎಲ್ಲಿಂದ ನೋಡತೊಡಗುವುದು?

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ಹಿರಿಯರ ಮಾತು. ಬ್ರಿಟನ್ನಿನ ಬಿ.ಬಿ.ಸಿ. ಟೆಲಿವಿಷನ್ನಿನ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಥಾಮಾಲೆಯನ್ನು ಹೊಸದಾಗಿ ನೋಡಹೊರಟವರಿಗೂ ಈ ಮಾತು ಸಲ್ಲುವುದೆ? ಅರುವತ್ತು ವರ್ಷ ದಾಟಿದ, ಎಂಟುನೂರಕ್ಕೂ ಮಿಕ್ಕ ಕಂತುಗಳ ಮಾಲೆಯದು. ಎಲ್ಲಿಂದ ಹಿಡಿಯುವುದೆಂಬುದೇ ಮೊದಲ ತೊಡಕು.

ಆದಿಯಿಂದಲೇ ನೋಡುವೆನೆಂಬ ಶ್ರದ್ಧಾವಂತನು 1963ರ ನವೆಂಬರ್ 23ಕ್ಕೆ ಹೋಗಬೇಕು. ಅಮೆರಿಕದ ಅಧ್ಯಕ್ಷ ಕೆನೆಡಿಯವರ ಕೊಲೆಯಾದ ಮರುದಿನ ಸಂಜೆ ಮೊದಲ ಕಂತು ಬಿತ್ತರವಾಯಿತು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್; ನಿರ್ದೇಶಕರು ನಮ್ಮ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ತಪ್ಪಿಸಿಕೊಂಡವರಿಗಾಗಿ ಮುಂದಿನ ವಾರ, ಎರಡನೆಯ ಕಂತಿಗೆ ಮೊದಲು, ಅದನ್ನೇ ಮತ್ತೊಮ್ಮೆ ತೋರಿಸಬೇಕಾಯಿತು. ಎಲ್ಲಿಂದ ತೊಡಗುವುದೆಂಬ ಪ್ರಶ್ನೆ ಈ ಮಾಲೆಗೆ ಹುಟ್ಟಿನೊಡನೆಯೇ ಬಂದುದು!

ಆದರೆ ಅಲ್ಲಿಂದ ಮುಂದೆ ದಾರಿ ಕಡಿದುಹೋಗಿದೆ. ಆಗ ವಿಡಿಯೋ ಟೇಪು ದುಬಾರಿಯ ವಸ್ತು. ಒಮ್ಮೆ ತೋರಿಸಿದ್ದನ್ನು ಜನ ಮುಂದೆ ಮನೆಯಲ್ಲಿ ಕುಳಿತು ಮತ್ತೆ ನೋಡಿಯಾರೆಂಬ ಎಣಿಕೆ ಯಾರಿಗೂ ಇರಲಿಲ್ಲ. ಟೇಪುಗಳನ್ನು ಅಳಿಸಿ ಬಳಸಿದರು. ಪರದೇಶಗಳಿಗೆ ಮಾರಲು ತೆಗೆದ ಫಿಲ್ಮ್ ಪ್ರತಿಗಳನ್ನೂ ಎಸೆದರು. 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಹೀಗೆ ಕಳೆದುಹೋಯಿತು. ಧ್ವನಿ ಮಾತ್ರ ಪೂರ್ತಿಯಾಗಿ ಉಳಿದಿದೆ. ಅದು ಮನೆಯ ಟೇಪ್‌ರೆಕಾರ್ಡರನ್ನು ಟೆಲಿವಿಷನ್ನಿನ ಮುಂದಿಟ್ಟು ಹಿಡಿದುಕೊಂಡ ಪ್ರೇಕ್ಷಕರ ಪುಣ್ಯ. ನೈಜೀರಿಯದಲ್ಲಿ ದೊರೆತ 9 ಕಂತುಗಳು 2013ರಲ್ಲಿ ಮರಳಿ ಬಂದಾಗ ಅಭಿಮಾನಿಗಳಿಗಾದ ಸಂತೋಷ ಅಷ್ಟಿಷ್ಟಲ್ಲ.

1966ರಲ್ಲಿ ಮೊದಲ ನಾಯಕನಟ ವಿಲಿಯಂ ಹಾರ್ಟ್‌ನೆಲ್ ಅನಾರೋಗ್ಯದಿಂದ ಹಿಂದೆಗೆಯಬೇಕಾದಾಗ ಕಥೆಗಾರರು ಒಂದು ಉಪಾಯ ಹೂಡಿದರು. ಹಳೆಯ ಅಂಗಿ ಕಳಚಿ ಹೊಸದು ತೊಡುವಂತೆ ಡಾಕ್ಟರನು ದೇಹವನ್ನೇ ಬದಲಿಸಿದನು. ಪ್ಯಾಟ್ರಿಕ್ ಟ್ರೌಟನ್ ಬಂದರು. ಮಾಲೆಗೆ ಚಿರಾಯುಷ್ಯ ಕೊಟ್ಟ ಆ ಕಂತೂ ಕಳೆದಿದೆ. ಬೇರೊಂದು ಕಾರ್ಯಕ್ರಮದಲ್ಲಿ ಬಳಸಿಕೊಂಡ ಕಾರಣ ರೂಪ ಬದಲಾಗುವ ತುಣುಕು ಮಾತ್ರ ಉಳಿಯಿತು.

ಆ ಉಪಾಯವೇ ಇಂದಿನ ಪ್ರೇಕ್ಷಕನಿಗೂ ನೆರವಾಗುತ್ತದೆ. ಹೊಸ ಡಾಕ್ಟರ್ ಬಂದಾಗಲೆಲ್ಲ ಮನೆಗೆ ಹೊಸ ಬಾಗಿಲು ತೆರೆಯುತ್ತದೆ. 1970ರಲ್ಲಿ ಜಾನ್ ಪರ್ಟ್ವೀ ಬಣ್ಣದ ಚಿತ್ರದೊಡನೆ ಬಂದರು. 1989ರಲ್ಲಿ ನಿಂತ ಮಾಲೆ, ನಡುವೆ 1996ರ ಒಂದು ಚಿತ್ರವನ್ನು ಬಿಟ್ಟರೆ, 2005ರಲ್ಲಿ ‘ರೋಸ್’ ಎಂಬ ಕಂತಿನಿಂದ ಮರುಜೀವ ಪಡೆಯಿತು. ಅಲ್ಲಿ ಅಂಗಡಿಯ ಕೆಲಸದ ಹುಡುಗಿಯೊಬ್ಬಳು, ನಮ್ಮಂತೆಯೇ ಏನೂ ಅರಿಯದೆ, ಡಾಕ್ಟರನನ್ನು ಎದುರುಗೊಳ್ಳುತ್ತಾಳೆ. ಹೊಸಬರು ಅಲ್ಲಿಂದಲೇ ತೊಡಗುವುದು ಲೇಸು.

ರುಚಿ ಹತ್ತಿದ ಮೇಲೆ 1963ಕ್ಕೆ ಹೋಗಿರಿ. ಆ ಮೊದಲ ಕಂತು ಸುದೈವದಿಂದ ಉಳಿದಿದೆ. ಅದರಲ್ಲಿಯೂ ಶಾಲೆಯ ಉಪಾಧ್ಯಾಯರಿಬ್ಬರು ವಿಚಿತ್ರ ವಿದ್ಯಾರ್ಥಿನಿಯೊಬ್ಬಳ ಬೆನ್ನುಹತ್ತಿ, ಏನೂ ಅರಿಯದೆ, ನೀಲಿ ಪೆಟ್ಟಿಗೆಯೊಳಕ್ಕೆ ಕಾಲಿಡುತ್ತಾರೆ. ಮೂಲದಲ್ಲಿದ್ದವರೂ ಹೊಸಬರೇ ಎಂದು ಆಗ ತಿಳಿದೀತು. ನದೀಮೂಲವನ್ನು ಹುಡುಕಬಾರದೆಂದೇನೂ ಇಲ್ಲ. ನೀರು ಕುಡಿದ ಮೇಲೆ ಹುಡುಕಿದರಾಯಿತು.