ಬೆಳಕಿನ ಬಳೆ

ಊರಿನ ಹೆಸರು ಅಡ್ಡಹೆಸರಾಗಿ ದೂರದೂರ ಹೋಗುವುದು ನಮ್ಮ ಉತ್ತರ ಕರ್ನಾಟಕದಲ್ಲಿ ಹೊಸದಲ್ಲ. ನರಗುಂದ, ಮುಳಗುಂದ, ಹೊಂಬಳ ಎಲ್ಲವೂ ಊರುಗಳೇ, ಮನೆತನಗಳೇ. ಆದರೆ ಗದಗಿನ ಹತ್ತಿರದ ನಮ್ಮ ಅಸುಂಡಿಯ ಹೆಸರು ಭೌತವಿಜ್ಞಾನದ ಗ್ರಂಥಗಳಲ್ಲಿದೆ ಎಂದರೆ ಊರವರೇ ನಂಬಲಿಕ್ಕಿಲ್ಲ.

ಕಾರ್ಬನ್ ಮಾನಾಕ್ಸೈಡ್ ಅನಿಲದ ವರ್ಣಪಟಲದಲ್ಲಿ ಕಾಣುವ ಪಟ್ಟಿಗಳ ಒಂದು ಗುಂಪಿಗೆ 'ಅಸುಂಡಿ ಪಟ್ಟಿಗಳು' ಎಂದು ಹೆಸರು. 1920ರ ದಶಕದ ಕೊನೆಗೆ ಅವನ್ನು ಗುರುತಿಸಿದವರು ಆರ್.ಕೆ. ಅಸುಂಡಿ. ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ಅವರು ವರ್ಣಪಟಲ ವಿಜ್ಞಾನವನ್ನು ಬೆಳೆಸಿದರು. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು, "ಅಕ್ಕೋರ, ಅವರು ನಮ್ಮ ಊರಾವರೇನ್ರಿ?" ಎಂದಳು. "ಹೆಸರಿನ ನಂಟು ಐತಿ, ಅಷ್ಟು ಸಾಕು. ಅವರ ಕೆಲಸ ಏನಂತ ಕೇಳು" ಎಂದೆ.

ಕೆಲಸವೆಂದರೆ ಬೆಳಕನ್ನು ಓದುವುದು. ವಸ್ತುವಿನ ಒಳಗುಟ್ಟು ಅದು ಸೂಸುವ, ಹೀರುವ ಬೆಳಕಿನಲ್ಲಿ ಬರೆದಿರುತ್ತದೆ. ಚೆನ್ನಾಗಿ ಓದಬೇಕಾದರೆ ಒಳ್ಳೆಯ ದೀಪ ಬೇಕು. ಅಂಥ ದೀಪವೊಂದು ಸಿಕ್ಕದ್ದು ಬೇರೇನನ್ನೋ ಹುಡುಕುವಾಗ. ನಮಗೆ ಸ್ವಾತಂತ್ರ್ಯ ಬರಲು ನಾಲ್ಕು ತಿಂಗಳಿರುವಾಗ, 1947ರ ಏಪ್ರಿಲ್ 24ರಂದು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಸಿಂಕ್ರೊಟ್ರಾನ್ ಯಂತ್ರದ ಗಾಜಿನ ಕೊಳವೆಯೊಳಗೆ ಪ್ರಖರ ಬೆಳಕೊಂದು ಕಂಡಿತು. ಮಳೆಗಾಲದಲ್ಲಿ ಎರಿ ಹೊಲದ ದಾರಿಯಲ್ಲಿ ಸೈಕಲ್ ಗಾಲಿ ಕೆಸರು ಸಿಡಿಸುವುದನ್ನು ನೀವು ನೋಡಿದ್ದೀರಿ. ಹಾಗೆಯೇ ಬೆಳಕಿನ ವೇಗಕ್ಕೆ ಸಮೀಪದಲ್ಲಿ ಓಡುವ ಎಲೆಕ್ಟ್ರಾನುಗಳನ್ನು ಅಯಸ್ಕಾಂತದಿಂದ ಬಾಗಿಸಿದರೆ ಅವು ಮುಂದಕ್ಕೆ ನೇರವಾಗಿ ಬೆಳಕು ಸಿಡಿಸುತ್ತವೆ. ಕಣಗಳನ್ನು ಅಭ್ಯಸಿಸುವವರಿಗೆ ಅದು ಶಕ್ತಿಯ ಸೋರಿಕೆ, ನಷ್ಟದ ಬಾಬತ್ತು. ಆ ನಷ್ಟವೇ ಲಾಭವೆಂದು ತಿಳಿದ ಮೇಲೆ ಬೆಳಕಿಗಾಗಿಯೇ ಬಳೆಯಾಕಾರದ ಯಂತ್ರಗಳನ್ನು ಕಟ್ಟತೊಡಗಿದರು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಇಂದೋರಿನಲ್ಲಿ ಅಡಿಗಲ್ಲು ಬಿದ್ದದ್ದು 1984ರ ಫೆಬ್ರವರಿ 19ರಂದು. ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ತುಮಕೂರು ಸೀಮೆಯ ರಾಜಾ ರಾಮಣ್ಣ. ಅಲ್ಲಿ 1999ರಲ್ಲಿ ಬೆಳಗಿದ ಇಂಡಸ್-1ರ ಸುತ್ತಳತೆ ಸುಮಾರು 19 ಮೀಟರ್, ಅಂದರೆ ನಮ್ಮ ಶಾಲೆಯ ಒಂದು ಕೋಣೆಯ ಸುತ್ತಿನಷ್ಟು. 2005ರ ಇಂಡಸ್-2ರದು ಸುಮಾರು 172 ಮೀಟರ್. ಅದೇ ವರ್ಷದ ಡಿಸೆಂಬರ್ 17ರಂದು ಪ್ರಧಾನಿ ಮನಮೋಹನ ಸಿಂಗ್ ಅದನ್ನು ದೇಶಕ್ಕೆ ಅರ್ಪಿಸಿದರು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ರಾಮಣ್ಣನವರ ಹೆಸರು ಕೇಂದ್ರಕ್ಕೆ ಬಂತು.

ಬಳೆ ಮುಗಿದರೆ ಕೆಲಸ ಮುಗಿಯಲಿಲ್ಲ. ಅದರಿಂದ ಬೆಳಕು ಹೊರತೆಗೆಯುವ ಒಂದೊಂದು ಕಿರಣಮಾರ್ಗವನ್ನೂ ಬೇರೆಬೇರೆಯಾಗಿ ಕಟ್ಟಬೇಕು. ಅದಕ್ಕೆ ಕನ್ನಡಿ, ಹರಳು, ಸೀಸದ ಗೋಡೆ ಎಲ್ಲ ಬೇಕು. ಇಪ್ಪತ್ತಕ್ಕೂ ಹೆಚ್ಚು ಮಾರ್ಗಗಳಿಗೆ ಇಂಡಸ್-2ರಲ್ಲಿ ಜಾಗವಿಟ್ಟು, ವರ್ಷವರ್ಷಕ್ಕೆ ಒಂದೊಂದಾಗಿ ತೆರೆಯುತ್ತ ಬಂದರು. ಒಂದರಲ್ಲಿ ಪ್ರೋಟೀನಿನ ಹರಳುಗಳ ರಚನೆ ತಿಳಿಯುತ್ತಾರೆ, ಇನ್ನೊಂದರಲ್ಲಿ ಪರಮಾಣುವಿನ ನೆರೆಹೊರೆ ನೋಡುತ್ತಾರೆ. ಮುಂದೆ ಉತ್ತರ ದಕ್ಷಿಣ ಧ್ರುವಗಳು ಸಾಲಾಗಿ ಅದಲುಬದಲಾಗುವ ಅಂಡ್ಯುಲೇಟರುಗಳನ್ನು ಕೂಡಿಸಿದರು. ಅದರೊಳಗೆ ಎಲೆಕ್ಟ್ರಾನು ಹಾವಿನಂತೆ ಹರಿದು ಇನ್ನೂ ಪ್ರಖರ ಬೆಳಕು ಕೊಡುತ್ತದೆ. ಇದಕ್ಕೂ ಮೀರಿದ ಬೆಳಕು ಬೇಕಾದವರು ಜರ್ಮನಿಯ ಹ್ಯಾಂಬರ್ಗಿಗೆ ಹೋಗುತ್ತಾರೆ. ಆ ಏರ್ಪಾಡನ್ನು ನಡೆಸಿಕೊಂಡು ಬಂದದ್ದು ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರ.

ಇಂದೋರಿನ ಯಂತ್ರ ಅಲ್ಲಿಯವರ ಸ್ವಂತದ್ದಲ್ಲ. ಯಾವ ವಿಶ್ವವಿದ್ಯಾಲಯದ ಸಂಶೋಧಕರಾದರೂ ಅರ್ಜಿ ಬರೆದು ಸಮಯ ಪಡೆಯಬಹುದು. ನನ್ನ ಸಂಕಟ ಇಲ್ಲಿಯೇ ಇದೆ. ಅರ್ಜಿ ಬರೆಯಬೇಕಾದವಳು ಎಂ.ಎಸ್ಸಿ. ದಾಟಿರಬೇಕು. ನನ್ನ ತರಗತಿಯ ಎಷ್ಟೋ ಜಾಣ ಹುಡುಗಿಯರು ಹತ್ತನೆಯ ಇಯತ್ತೆಯೊಂದಿಗೆ ಪುಸ್ತಕ ಮಡಿಚಿಟ್ಟಿದ್ದಾರೆ. "ಇನ್ನ ಓದಿ ಏನ್ ಮಾಡೂದೈತ್ರಿ?" ಎಂದು ತಾಯಂದಿರು ಕೇಳಿದಾಗ, ನೌಕರಿಯ ಮಾತಿನ ಜೊತೆಗೆ ಈ ಕಥೆಯನ್ನೂ ಹೇಳುತ್ತೇನೆ. ಸರಕಾರ ಕೋಟಿಗಟ್ಟಲೆ ಹಣದಿಂದ ಹೊಸ ಕಿರಣಮಾರ್ಗ ತೆರೆದರೂ ಅದರ ಮುಂದೆ ನಿಲ್ಲುವವರು ಇಂಥ ಊರುಗಳಿಂದಲೂ ಹೋಗಬೇಕು. ಅಸುಂಡಿಯಿಂದ ಇಂದೋರು ದೂರವೇನೋ ಹೌದು. ಆದರೆ ಆ ದಾರಿಯ ಕಠಿಣ ಭಾಗ ನಮ್ಮ ಓಣಿಯಿಂದ ಗದಗಿನ ಕಾಲೇಜಿನ ತನಕ ಮಾತ್ರ.